ಯಂತ್ರ ಪ್ರಮಾಣ ಮಾಡುವುದಿಲ್ಲ

ನಿತೇಶ್ ಭಗವತಿ ಗುಡಿಯಲ್ಲಿ ಪ್ರಮಾಣ ಮಾಡಿದ, ಯಾರೂ ನಂಬಲಿಲ್ಲ. ಯಂತ್ರ ಯಾವ ಪ್ರಮಾಣವನ್ನೂ ಮಾಡಲಿಲ್ಲ, ಅದನ್ನು ಎಲ್ಲರೂ ನಂಬಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊಡಗಿನ ಬಿಟ್ಟಂಗಾಲದ ನಾಣಯ್ಯನವರ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಯಂತ್ರವಿದೆ. ಅದರ ಶಾಖ ನಿಯಂತ್ರಿಸುವ ಪ್ರೋಗ್ರಾಂ ಬರೆದವಳು ನಾನು, ಕುಶಾಲನಗರದ ಸಣ್ಣ ಕಂಪನಿಯ ಪವಿತ್ರಾ. ಯಂತ್ರ ನೋಡಿಕೊಳ್ಳುತ್ತಿದ್ದವನು ಎಸ್ಟೇಟಿನ ಕೂಲಿಯವರ ಲೈನ್‌ಮನೆಯ ನಿತೇಶ್. ಹೋದ ವಾರ ಒಣಗಲು ಹಾಕಿದ್ದ ಕಾಫಿಯೆಲ್ಲ ಕರಕಲಾಯಿತು. ಯಂತ್ರದ ಪರದೆಯಲ್ಲಿ ದೋಷದ ಗುರುತೇ ಇರಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು: ನಿತೇಶ್ ಕುಡಿದು ಮಲಗಿದ್ದ. ನಾಣಯ್ಯನವರು ಅವನನ್ನು ಕಣದಲ್ಲಿ ಲೈನಿನವರೆಲ್ಲರೆದುರು ಬೈದು, ಗುಡಿಗೆ ಕರೆದೊಯ್ದು, ಕುಡಿದಿರಲಿಲ್ಲ ಎಂದು ಪ್ರಮಾಣ ಮಾಡಿಸಿದರು. ಆಮೇಲೂ ಕೆಲಸದಿಂದ ತೆಗೆದರು.

"ಬಿಡಮ್ಮ, ನಮ್ಮ ತಲೆಗೆ ಬರ್ಲಿಲ್ಲವಲ್ಲ," ಎಂದ ನಮ್ಮ ಮ್ಯಾನೇಜರ್ ಮಾಯಿಲಪ್ಪ. ಅವನ ನೆಮ್ಮದಿಗಿಷ್ಟು ಬೆಂಕಿ ಹಾಕ.

ನಾನು ಬಿಡಲಿಲ್ಲ. ಪ್ರೋಗ್ರಾಮನ್ನು ಕಿತ್ತು ಕಿತ್ತು ಮೂರು ಸಾಲಿಗೆ ಇಳಿಸಿದೆ. ಬೇಕಾದ ಶಾಖ 45, ಪೂರ್ಣಾಂಕ. ಇರುವ ಶಾಖ 47.5, ದಶಮಾಂಶ. ಕಳೆದರೆ ಮೈನಸ್ 2.5 ಬರಬೇಕು, ಬೆಂಕಿ ಆರಬೇಕು. ಬಂದದ್ದು ಪ್ಲಸ್ 2.5. 45.0 ಎಂದು ಬರೆದರೆ ಮಾತ್ರ ಉತ್ತರ ಸರಿ. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಹೊಸ ಕಂಪೈಲರ್, ಎರಡು ಜಾತಿಯ ಸಂಖ್ಯೆ ಬೆರೆತ ಕೂಡಲೇ ಮೈನಸ್ಸನ್ನು ನುಂಗುತ್ತಿತ್ತು. ಶಾಖ ಏರಿದಷ್ಟೂ ಯಂತ್ರ ಬೆಂಕಿ ಹೆಚ್ಚಿಸುತ್ತಿತ್ತು.

ಲ್ಯಾಪ್‌ಟಾಪ್ ಹಿಡಿದು ಕಣಕ್ಕೇ ಹೋಗಿ ತೋರಿಸಿದೆ. ನಾಣಯ್ಯನವರು ನೋಡಿದರು.

"ಸರಿ, ರಿಪೇರಿ ಮಾಡು. ಅವನಿಗೆ ನಾಳೆ ಬರೋಕೆ ಹೇಳ್ತೀನಿ."

"ಅಷ್ಟೇನಾ ಸರ್? ಬೈದದ್ದು ಇಲ್ಲಿ. ತಪ್ಪಾಯ್ತು ಅನ್ನೋದೂ ಇಲ್ಲೇ ಆಗ್ಬೇಕು. ಅಲ್ಲಿತನಕ ಪ್ರೋಗ್ರಾಂ ಹಾಕಲ್ಲ."

"ಪಿಕ್ಕಿಂಗ್ ನಡೀತಿದೆ. ಒದ್ದೆ ಕಾಫಿ ರಾಶಿ ಬಿದ್ದಿದೆ, ನೋಡಮ್ಮ."

"ನೋಡ್ತಿದ್ದೀನಿ."

ಅವರ ಮುಖ ಕೆಂಪಾಯಿತು. ಕೊನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳ್ಯಪ್ಪನನ್ನು ಕಳಿಸಿ ನಿತೇಶನನ್ನು ಕರೆಸಿದರು. ಕಾಫಿ ಹರಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು.

"ತಪ್ಪಾಯ್ತು ನಿತೇಶ್," ಎಂದು ಗೊಣಗಿದರು ನಾಣಯ್ಯ.

"ಅವ್ರಿಗೆ ಕೇಳ್ಲಿಲ್ಲ ಸಾರ್," ಎಂದ ನಿತೇಶ್, ಲೈನಿನವರತ್ತ ಕೈ ತೋರಿಸಿ.

ನಾಣಯ್ಯನವರು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ನಾನು ಸರಿಪಡಿಸಿದ ಪ್ರೋಗ್ರಾಂ ಹಾಕಿ, ಯಂತ್ರದ ಕೀಲಿಯನ್ನು ನಿತೇಶನತ್ತ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

"ಬೇಡ ಅಕ್ಕ. ಇನ್ನೊಂದ್ಸಲ ಅದು ತಪ್ಪಿದ್ರೆ ಪ್ರಮಾಣ ಮಾಡೋಕೆ ನನ್ಹತ್ರ ಬೇರೆ ದೇವ್ರಿಲ್ಲ."