ಹಾಗಲಕಾಯಿಯ ಡೈನೋಸಾರ್

ಮದುವೆಗಳಲ್ಲಿ ಊಟದ ಹಾಲ್ ಬಾಗಿಲ ಬಳಿ ಕಲ್ಲಂಗಡಿ ಹಣ್ಣಿನ ಮೇಲೆ ಗಂಡು ಹೆಣ್ಣಿನ ಹೆಸರು ಕೆತ್ತಿ, ಪಕ್ಕದಲ್ಲಿ ಮೂಲಂಗಿಯ ಹಂಸ ನಿಲ್ಲಿಸಿರುತ್ತಾರಲ್ಲ, ಅದನ್ನು ಮಾಡುವವಳು ನಾನು, ಮಾವಳ್ಳಿಯ ಧನಲಕ್ಷ್ಮಿ. ನಮ್ಮದು ತಾತನ ಕಾಲದಿಂದ ತರಕಾರಿ ಅಂಗಡಿ. ಅಪ್ಪ ಮಾರುತ್ತಾರೆ, ನಾನು ಕೆತ್ತುತ್ತೇನೆ. ನನ್ನ ಹಂಸವನ್ನು ನೀವು ನೋಡಿರುವುದಿಲ್ಲ ಬಿಡಿ. ಆ ಹೊತ್ತಿಗೆ ಎಲ್ಲರ ಕಣ್ಣೂ ಯಾವ ಸಾಲಿನಲ್ಲಿ ಎಲೆ ಖಾಲಿ ಇದೆ ಎಂದು ಹುಡುಕುತ್ತಿರುತ್ತದೆ.

ಹಾಗಾಗಿ ಬಿಂದು ಮೇಡಂ ಅಂಗಡಿಗೆ ಬಂದು, "ಹಂಸ ಬೇಡ, ನಂಗೆ ಡೈನೋಸಾರ್ ಮಾಡ್ಕೊಡಿ" ಎಂದಾಗ ನನಗೆ ಭಾರಿ ಖುಷಿಯಾಯಿತು. ಮೇಡಂ ಕಾಲೇಜಿನಲ್ಲಿ ಪಳೆಯುಳಿಕೆಗಳ ಬಗ್ಗೆ ಪಾಠ ಮಾಡುವವರು. ವಯಸ್ಸು ನಲವತ್ತು ದಾಟಿದೆ. ಬಸವನಗುಡಿಯ ವಸಿಷ್ಠ ಎನ್ನುವವರ ಜೊತೆ ಮದುವೆ ಗೊತ್ತಾಗಿತ್ತು.

"ಸೀರೆ ಅಮ್ಮ ಆರಿಸಿದ್ರು, ಛತ್ರ ಚಿಕ್ಕಪ್ಪ, ಮುಹೂರ್ತ ಜೋಯಿಸರು. ಗಂಡನ್ನ ಮಾತ್ರ ನಾನೇ ಆರಿಸ್ಕೊಂಡೆ. ಇನ್ನು ಈ ಡೈನೋಸಾರ್. ಇದೊಂದನ್ನ ಯಾರಿಗೂ ಬಿಟ್ಕೊಡಲ್ಲ" ಎಂದರು.

ಬೂದುಗುಂಬಳದ ಹೊಟ್ಟೆ, ಪಡವಲಕಾಯಿಯ ಬಾಲ, ಕೊಬ್ಬರಿ ಚೂರಿನ ಹಲ್ಲು. ಕೈಗಳಿಗೆ ಎರಡು ತೊಂಡೆಕಾಯಿ ಸಾಕಾಯಿತು. ಅಷ್ಟು ದೊಡ್ಡ ದೇಹಕ್ಕೆ ಅಷ್ಟೇ ಅಷ್ಟು ಕೈ ಅಂಟಿಸಿದ ದಿನ ದೇವರು ಯಾವ ಜ್ಞಾನದಲ್ಲಿದ್ದನೋ. ತಲೆನೋವಾದದ್ದು ಚರ್ಮ. ಏನು ಹಚ್ಚಿದರೂ ಅದು ಬೂದುಗುಂಬಳದಂತೆಯೇ ಕಾಣುತ್ತಿತ್ತು. ಕೊನೆಗೆ ಅಂಗಡಿಯ ಬುಟ್ಟಿಯಲ್ಲಿದ್ದ ಹಾಗಲಕಾಯಿ ಕಣ್ಣಿಗೆ ಬಿತ್ತು. ಅದೇ ಗಂಟು, ಅದೇ ಹಸಿರು. ಸೀಳಿ, ಕಡ್ಡಿ ಚುಚ್ಚಿ ಮೈತುಂಬ ಹೊದಿಸಿದೆ. ಅಪ್ಪ ಅದರ ಎದುರು ಕಾಫಿ ಕುಡಿಯಲು ಹಿಂಜರಿದರು.

ಆರತಕ್ಷತೆಯ ಸಂಜೆ ಅದನ್ನು ಊಟದ ಬಾಗಿಲ ಪಕ್ಕದ ಮೂಲೆಯಲ್ಲಿದ್ದ ಮೇಜಿನ ಮೇಲೆ ನಿಲ್ಲಿಸುತ್ತಿದ್ದಂತೆ ವಸಿಷ್ಠ ಅವರ ಸೋದರತ್ತೆ ಬಂದರು.

"ಏನಮ್ಮಾ ಇದು?"

"ಡೈನೋಸಾರ್ ಅಮ್ಮ."

"ಅದಲ್ಲ. ಮೈಮೇಲಿರೋದು ಹಾಗಲಕಾಯಿ ತಾನೆ?"

ಹೌದೆಂದು ತಲೆಯಾಡಿಸಿದೆ. ಅವರ ಮನೆಗಳಲ್ಲಿ ತಿಥಿಯ ಅಡುಗೆಗೆ ಹಾಗಲಕಾಯಿ ಬೇಕೇ ಬೇಕು, ಮದುವೆಮನೆಗೆ ಅದು ಕಾಲಿಡಕೂಡದು. ತಿಥಿ ಬಂದಾಗ ನಮ್ಮ ಅಂಗಡಿಯಿಂದಲೇ ಒಯ್ಯುತ್ತಾರೆ, ನನಗೆ ಗೊತ್ತಿಲ್ಲದ್ದೇನಲ್ಲ. ಆ ನಿಯಮ ತಿನ್ನುವ ಹಾಗಲಕಾಯಿಗೆ ಎಂದುಕೊಂಡಿದ್ದೆ. ಡೈನೋಸಾರ್ ಆದಮೇಲೂ ಅದು ಹಾಗಲಕಾಯಿಯೇ ಎಂದು ಹೊಳೆಯಲೇ ಇಲ್ಲ.

ವಸಿಷ್ಠ ಓಡಿ ಬಂದರು. ಅವರ ಹಿಂದೆ ತಾಯಿ ಮಾಧವಿಯಮ್ಮನೂ ಬಂದರು.

"ಈ ಪ್ರಾಣಿ ಈಗ ಎಲ್ಲಿದೆಯೋ?" ಎಂದು ಅತ್ತೆ ಕೇಳಿದರು.

"ಈಗಿಲ್ಲ ಅತ್ತೆ. ಯಾವ ಕಾಲದಲ್ಲೋ ಪೂರ್ತಿ ನಾಶ ಆಯ್ತು."

"ಕೇಳಿಸ್ಕೊಳ್ಳಿ. ವಂಶ ಬೆಳೀಲಿ ಅಂತ ನಾವು ಅಕ್ಷತೆ ಹಾಕ್ಬೇಕು, ಬಾಗಿಲಲ್ಲಿ ನಿರ್ವಂಶ ಆದ ಪ್ರಾಣಿ ನಿಂತಿದೆ. ಮೈಮೇಲೆ ತಿಥಿ ತರಕಾರಿ ಬೇರೆ."

"ನಿರ್ವಂಶ ಅಂತ ಹೇಳಕ್ಕಾಗಲ್ಲ ಅತ್ತೆ. ಕೋಳಿ ಇದೆಯಲ್ಲ, ಅದು ಇದರ ವಂಶದ್ದೇ."

ಈ ಪುಣ್ಯಾತ್ಮ ಬಾಯಿ ಮುಚ್ಚಿಕೊಂಡಿದ್ದರೆ ಮಾತು ಹಾಗಲಕಾಯಿಯಲ್ಲೇ ಮುಗಿಯುತ್ತಿತ್ತು. ಕೋಳಿ ಎಂಬ ಮಾತು ಕೇಳಿದ್ದೇ ತಡ, ಊಟಕ್ಕೆ ನಿಂತಿದ್ದವರೆಲ್ಲ ಅಡುಗೆಮನೆಯ ಕಡೆ ಅನುಮಾನದಿಂದ ನೋಡತೊಡಗಿದರು.

"ತೆಗಿಯಮ್ಮ ಇದನ್ನ ಮೊದ್ಲು" ಎಂದು ಅತ್ತೆ ನನಗೆ ಅಪ್ಪಣೆ ಮಾಡಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆದರೂ ಬಾಲಕ್ಕೆ ಕೈ ಹಾಕಿದೆ.

"ಮುಟ್ಬೇಡಿ ಧನಲಕ್ಷ್ಮಿ."

ಬಿಂದು ಮೇಡಂ ಹಾರ ಹಾಕಿಕೊಂಡೇ ವೇದಿಕೆಯಿಂದ ಇಳಿದು ಬಂದಿದ್ದರು. ಮುಖ ಕೆಂಪಾಗಿತ್ತು, ಸೋದರತ್ತೆಗೆ ಹೇಳುವಾಗ ದನಿ ಮಾತ್ರ ಏರಲಿಲ್ಲ.

"ಅತ್ತೆ, ನಮ್ಮ ವಂಶನೂ ಬೆಳೆಯಲ್ಲ. ನಂಗೆ ಮಕ್ಕಳಾಗಲ್ಲ. ಇವರಿಗೆ ಮೊದಲೇ ಹೇಳಿದೀನಿ. ಈ ಪ್ರಾಣಿಗಳು ಹದಿನಾರು ಕೋಟಿ ವರ್ಷ ಬಾಳಿ ಹೋದ್ವು. ನಮಗೆ ಒಂದು ಮೂವತ್ತು ವರ್ಷ ಸಿಕ್ರೆ ಸಾಕು. ಹರಸೋದಾದ್ರೆ ಅಷ್ಟು ಹರಸಿ."

ಎಲ್ಲರೂ ಮಾಧವಿಯಮ್ಮನ ಮುಖ ನೋಡಿದರು. ಮಗ ಈ ವಿಷಯವನ್ನು ತಾಯಿಗೆ ಹೇಳಿರಲಿಲ್ಲ ಎನ್ನುವುದು ಆ ಮುಖದಲ್ಲೇ ಗೊತ್ತಾಗುತ್ತಿತ್ತು. ಅವರು ಡೈನೋಸಾರನ್ನು ನೋಡಿದರು, ಆಮೇಲೆ ಮಗನನ್ನು ನೋಡಿದರು. ಕಣ್ಣು ತುಂಬಿಕೊಂಡಿತ್ತು.

"ವಂಶೋದ್ಧಾರಕ ಅಂತ ಇವನನ್ನ ಹೆತ್ತೆ" ಎಂದರು ನಾದಿನಿಗೆ. "ಇವತ್ತು ಬೆಳಿಗ್ಗೆನೂ ಬಚ್ಚಲಮನೆಯಿಂದ ಟವೆಲ್ ಎಲ್ಲಿ ಅಂತ ಕೂಗ್ದ. ನಲವತ್ನಾಲ್ಕು ವರ್ಷ. ಉದ್ಧಾರ ಆಗಿದ್ದು ಸಾಕು ಬಿಡಿ."

ಸೊಸೆಯ ಕೆನ್ನೆಗೆ ಇಳಿದಿದ್ದ ಕಣ್ಣೀರನ್ನು ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದನ್ನ ಮೂಲೇಲಿ ಯಾಕಿಟ್ಟಿದೀಯಮ್ಮ? ನಡುವೆ ಇಡೋಣ, ಹಿಡ್ಕೋ" ಎಂದು ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೇಜಿನ ಇನ್ನೊಂದು ತುದಿಯನ್ನು ತಾವೇ ಹಿಡಿದರು.