ಚಮಚ ಬಡಿಯುವ ಮುನ್ನ

ಕಳೆದ ಭಾನುವಾರ ನೆರಿಡಾಳ ಕತ್ತೆ ಪ್ರಪಾತಕ್ಕೆ ಬಿದ್ದದ್ದು ರೊವೀನಾಳಿಂದ. ಆಟದ ಕತ್ತೆ, ಕಾಗದದ ಮೇಲಷ್ಟೇ ಇದ್ದದ್ದು. ಆದರೂ ನೆರಿಡಾ ಆಮೇಲೆ ಬಹಳ ಹೊತ್ತು ಸ್ಕೋನ್ ಬನ್ನಿಗೆ ಬೆಣ್ಣೆ ಸವರುತ್ತಲೇ ಕೂತಿದ್ದಳು, ತಿನ್ನಲಿಲ್ಲ.

ಬರ್ನಿ ಎಂಬ ಊರಿನಲ್ಲಿ, ಕೋರಲ್ ಮನೆಯ ಹಿಂದಿನ ವರಾಂಡದಲ್ಲಿ ಈ ಮೂವರು ಹೆಂಗಸರು ಪಾತ್ರ ಕಟ್ಟಿಕೊಂಡು ಈ ಕಥೆಯಾಟ ಆಡುತ್ತ ಬಂದು ವರ್ಷಗಳಾಗಿವೆ. ಕಥೆ ನಡೆಸುವವಳು ಕೋರಲ್. ಬೆಟ್ಟ, ಭೂತ, ಬಿರುಗಾಳಿ ಎಲ್ಲ ಅವಳ ಬಾಯಲ್ಲಿ. ಆಟದಲ್ಲಿ ನೆರಿಡಾ ಮಾಗ್ ಎಂಬ ಮುದಿ ಕಳ್ಳಿ. ರೊವೀನಾ ಗಾಯಕ್ಕೆ ಮದ್ದು ಹಾಕುವ ಸನ್ಯಾಸಿನಿ. ಯಾರು ಏನು ಮಾಡಹೊರಟರೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಸನ್ಯಾಸಿನಿಗೊಂದು ವರವಿತ್ತು: ಒಂದು ದಿನದ ಆಟದಲ್ಲಿ ಒಮ್ಮೆ ಮಾತ್ರ, ಯಾರದಾದರೂ ದಾಳವನ್ನು ಮತ್ತೆ ಉರುಳಿಸುವಂತೆ ಕೇಳಬಹುದು. ಕೇಳುವುದು ದಾಳ ನಿಂತ ಮೇಲೆ, ಫಲ ಹೇಳುವುದರೊಳಗೆ. ಫಲ ಹೇಳುವ ಮುನ್ನ ಕೋರಲ್ ತನ್ನ ಚಹದ ಕಪ್ಪಿಗೆ ಚಮಚದಿಂದ ಠಣ್ಣನೆ ಬಡಿಯುತ್ತಾಳೆ. ಠಣ್ ಎಂದರೆ ಮುಗಿಯಿತು.

ಆ ವರ ಪ್ರತಿ ಭಾನುವಾರ ಹಾಗೆಯೇ ಉಳಿದುಹೋಗುತ್ತಿತ್ತು. ಮುಂದೆ ಇದಕ್ಕಿಂತ ದೊಡ್ಡ ಆಪತ್ತು ಬಂದರೆ ಎಂದು ರೊವೀನಾ ಯೋಚಿಸುವಷ್ಟರಲ್ಲಿ ಠಣ್. ಕತ್ತೆ ಬಿದ್ದದ್ದೂ ಹೀಗೆಯೇ. ಮದುವೆಗೆ ಬಂದ ಒಳ್ಳೆಯ ಮೇಜುಬಟ್ಟೆಯನ್ನೂ ಅವಳು ಹೀಗೆಯೇ ಎತ್ತಿಟ್ಟಿದ್ದಳು. ಅದು ಮಡಿಕೆಯಲ್ಲೇ ಹಳದಿಗಟ್ಟಿತು. ಗಂಡ ಮನೆ ಬಿಟ್ಟು ಹೋದ ದಿನ ಹೇಳಬೇಕಾದ ಮಾತು ಹೊಳೆಯಲಿಲ್ಲ ಎಂದಲ್ಲ. ಅವನ ಕಾರು ತಿರುವು ದಾಟುವವರೆಗೂ ಅದು ಬಾಯಲ್ಲೇ ಇತ್ತು.

ಇಂದು ಮಾಗ್ ಹಗ್ಗದ ಸೇತುವೆಯ ನಡುವೆ ಇದ್ದಳು, ಸನ್ಯಾಸಿನಿ ಅವಳ ಹಿಂದೆ, ಈಚೆ ದಡದ ಹತ್ತಿರ.

"ಹಗ್ಗ ಕಿತ್ಕೊಂಡ್ ಹೋಯ್ತು. ನಿನ್ನ ಕೆಳಗೆ ಬರೀ ಬಂಡೆ. ಹನ್ನೊಂದಕ್ಕಿಂತ ಕಮ್ಮಿ ಬಿದ್ರೆ ಮಾಗ್ ಕಥೆ ಮುಗೀತು, ನೆರಿಡಾ," ಎಂದಳು ಕೋರಲ್.

"ಕತ್ತೆ ಹಿಂದೇನೇ ನನ್ನೂ ಕಳಿಸ್ತೀಯೇನೇ?" ನೆರಿಡಾ ನಕ್ಕಳು. ನಗು ಕಣ್ಣಿನವರೆಗೆ ಹೋಗಲಿಲ್ಲ. ತಲೆಗೂದಲೆಲ್ಲ ಉದುರಿ ಆಸ್ಪತ್ರೆಯಲ್ಲಿ ಮಲಗಿದ್ದ ಚಳಿಗಾಲದಲ್ಲಿ ಅವಳು ಮಾಗ್‌ಳನ್ನು ಹುಟ್ಟಿಸಿದ್ದಳು. 'ಈ ಮುದುಕಿ ಯಾರ ಕೈಗೂ ಸಿಗಲ್ಲ, ಬರ್ಕೋ' ಎಂದು ಅವಳು ಹೇಳುವಾಗ ಪೆನ್ಸಿಲ್ ಹಿಡಿದು ಬರೆದುಕೊಂಡವಳು ರೊವೀನಾ.

ದಾಳ ಉರುಳಿತು.

"ತಡಿ! ಇನ್ನೊಂದ್ಸಲ!" ರೊವೀನಾ ಕೂಗಿದಳು.

ದಾಳ ಇನ್ನೂ ಮೊಟ್ಟೆ ಸ್ಯಾಂಡ್‌ವಿಚ್ ತಟ್ಟೆಯ ಸುತ್ತ ತಿರುಗುತ್ತಿತ್ತು.

"ಅಯ್ಯೋ ಮಾರಾಯ್ತಿ," ಎಂದಳು ಕೋರಲ್. "ಇಷ್ಟ್ ವರ್ಷ ಬಸ್ ಹೋದ್ಮೇಲೆ ಕೈ ಅಡ್ಡ ಹಾಕ್ತಿದ್ದೆ. ಇವತ್ತು ಬರೋಕ್ ಮುಂಚೆನೇ ಹತ್ತೋಕ್ ಹೊರಟ್ಯಲ್ಲೇ! ಉರುಳ್ತಿರುವಾಗ ಕೇಳಿದ್ದು ಲೆಕ್ಕಕ್ಕಿಲ್ಲ."

ದಾಳ ನಿಂತಿತು. ನಾಲ್ಕು.

"ಸಾರಿ," ಎಂದಳು ರೊವೀನಾ. ಸಾರಿ ಎಂದ ಮೇಲೆ ಬಾಯಿ ಮುಚ್ಚಿಕೊಳ್ಳುವುದು ಅವಳ ರೂಢಿ. ಕೋರಲ್‌ಳ ಚಮಚ ಮೇಲೆದ್ದಿತು. ನೆರಿಡಾ ಆ ನಾಲ್ಕನ್ನೇ ನೋಡುತ್ತಿದ್ದಳು, ಅಂದು ಡಾಕ್ಟರರ ಮುಖ ನೋಡುತ್ತಿದ್ದ ಹಾಗೆ.

ರೊವೀನಾಳ ಕೈ ತಾನಾಗಿ ಚಾಚಿ ಕಪ್ಪನ್ನು ಬಾಚಿ ಹಿಡಿಯಿತು. ಚಮಚ ಬೆರಳಗಂಟಿನ ಮೇಲೆ ಬಿತ್ತು. ಠಣ್ ಅಲ್ಲ, ಟಪ್.

"ಅಮ್ಮಾ! ಈಗ ಕೇಳ್ತಿದೀನಿ, ಈಗ! ಉರುಳ್ಸೇ ನೆರಿಡಾ!"

"ಬಿಸಿ ಚಹ ಇದೆ ಕಣೇ, ಕೈ ತೆಗಿ!"

"ಠಣ್ ಅಂತಾ ಕಪ್ಪು? ಅದ್ ಹೇಳು ಮೊದ್ಲು."

ಕೋರಲ್ ಚಮಚವನ್ನು ನೋಡಿದಳು, ಕೆಂಪಾದ ಬೆರಳನ್ನು ನೋಡಿದಳು. "ಅನ್ಲಿಲ್ಲ," ಎಂದು ಒಪ್ಪಿಕೊಂಡಳು. "ಉರುಳ್ಸು."

ಹದಿಮೂರು! ಮಾಗ್ ಒಂದು ಬೂಟು ಕಳೆದುಕೊಂಡು, ಕೋರಲ್‌ಳ ವಂಶವನ್ನೆಲ್ಲ ಬೈಯುತ್ತ ಆಚೆ ದಡ ಹತ್ತಿದಳು. ನೆರಿಡಾ ಫ್ರಿಜ್ಜಿನಿಂದ ತಣ್ಣಗಿನ ಹಾಲಿನ ಜಗ್ಗು ತಂದು ಗೆಳತಿಯ ಬೆರಳಿಗೆ ಒತ್ತಿ ಹಿಡಿದಳು.

"ಸನ್ಯಾಸಿನಿ ಇನ್ನೂ ಸೇತುವೆ ಮೇಲೇ ನೇತಾಡ್ತಿದಾಳೆ," ಎಂದು ಕೋರಲ್ ನೆನಪಿಸಿದಳು. "ದಡದ ಹತ್ರ ಇದೀಯ, ಅಲ್ಲಿ ಬಂಡೆ ಇಲ್ಲ, ಬಿದ್ರೆ ನೀರಿಗೆ. ವರ ಖರ್ಚಾಗಿದೆ, ಗೊತ್ತಲ್ಲ?"

"ಗೊತ್ತು."

ರೊವೀನಾ ಎಡಗೈಯಲ್ಲಿ ದಾಳ ಉರುಳಿಸಿದಳು. ಎರಡು. ಠಣ್. ಸನ್ಯಾಸಿನಿ ಮದ್ದಿನ ಚೀಲದ ಸಮೇತ ನದಿಗೆ ಬಿದ್ದಳು. ರೊವೀನಾಳಿಗೆ ನಗು ಉಕ್ಕಿ ಬಂತು, ಕಣ್ಣಲ್ಲಿ ನೀರು ಬರುವಷ್ಟು.

"ಈಜು ಬರುತ್ತೇನೇ ಅವಳಿಗೆ?" ಎಂದಳು ಕೋರಲ್.

"ಎಲ್ಲಿಂದ ಬರ್ಬೇಕು!"

ನೆರಿಡಾ ಆಗಲೇ ದಾಳ ಕಿತ್ತುಕೊಂಡಿದ್ದಳು. "ಮಾಗ್ ಹಗ್ಗ ಎಸೀತಾಳೆ. ಕೋರಲ್, ಆ ಚಮಚ ಕೆಳಗಿಡು."