ನಾರಾಯಣಮ್ಮನ ಹೊಲದ ನೀರು

ಬೆಂಗಳೂರಿನ ಸಾರಕ್ಕಿಯ ಹಿಂದಿನ ತಗ್ಗಿನಲ್ಲಿ ನಾರಾಯಣಮ್ಮನ ವಠಾರದ ಸುತ್ತ ಮಳೆನೀರು ಸೊಂಟದ ಮಟ್ಟ ನಿಂತಿತ್ತು. ಕೆಳಗಿನ ಬಾಡಿಗೆಮನೆಗಳವರೆಲ್ಲ ಹಾಸಿಗೆ, ಪಾತ್ರೆ ಹೊತ್ತು ಮಹಡಿಯ ಮೇಲಿನ ಅವಳ ಮನೆಗೇ ಬಂದು ಸೇರಿದ್ದರು. ಅವರಲ್ಲಿ ತುಂಬು ಬಸುರಿ ಮೈತ್ರಿಯೂ ಒಬ್ಬಳು. ಅವಳ ಪಾದ ಊದಿತ್ತು, ತಲೆನೋವು ಬಿಟ್ಟಿರಲಿಲ್ಲ. ನಾರಾಯಣಮ್ಮನಿಗೆ ಅದೇ ಚಿಂತೆ.

ಬೆಳಿಗ್ಗೆ ಬಸುರಿಯರನ್ನು ಪರೀಕ್ಷಿಸುವ ಆಸ್ಪತ್ರೆ ವ್ಯಾನು ಬಂತು. ಬಂದರೂ ನೀರಿನಾಚೆ, ರಸ್ತೆಯ ಏರಿನಲ್ಲೇ ನಿಂತುಬಿಟ್ಟಿತು. ನಾರಾಯಣಮ್ಮನ ಮಗ ರವಿಕಿರಣ್ ತನ್ನ ಟ್ರ್ಯಾಕ್ಟರಿನಿಂದ ನೀರಿನ ಟ್ಯಾಂಕರ್ ಕಳಚಿ, ಟ್ರೈಲರ್ ಕಟ್ಟಿ ಬಾಗಿಲಿಗೆ ತಂದ.

“ನಾನು ಕಳ್ಸಲ್ಲ,” ಎಂದಳು ಮೈತ್ರಿಯ ಅತ್ತೆ ಪಾರ್ವತಮ್ಮ. “ಏಳು ತಿಂಗಳು ತುಂಬಿದ್ಮೇಲೆ ಬಸುರಿ ಹೊಳೆ ದಾಟಬಾರ್ದು. ನಮ್ಮತ್ತೆ ಕಾಲದಿಂದ್ಲೂ ಯಾರೂ ದಾಟಿಲ್ಲ.”

“ಬೆಂಗಳೂರಲ್ಲಿ ಹೊಳೆ ಎಲ್ಲಿತ್ತು ಪಾರ್ವತಕ್ಕ, ನಿಮ್ಮತ್ತೆ ದಾಟೋಕೆ?” ಎಂದ ರವಿಕಿರಣ್.

ಪಾರ್ವತಮ್ಮ ದುರುಗುಟ್ಟಿ ನೋಡಿದಳು. ಮೈತ್ರಿಯ ಗಂಡ ದೇವರಾಜ್ ಒಮ್ಮೆ ತಾಯಿಯ ಮುಖ, ಒಮ್ಮೆ ಹೆಂಡತಿಯ ಮುಖ ನೋಡುತ್ತ ನಿಂತ.

ಕೊನೆಗೆ ವ್ಯಾನಿನ ನರ್ಸ್ ಕಾತ್ಯಾಯಿನಿಯೇ ಬಿಪಿ ಮೆಷಿನ್ನು ತೊಡೆಯ ಮೇಲಿಟ್ಟುಕೊಂಡು ಟ್ರೈಲರಿನಲ್ಲಿ ಕೂತು ಬಂದಳು. ಮೈತ್ರಿಯನ್ನು ನೋಡಿದವಳು ನಾರಾಯಣಮ್ಮನನ್ನು ಮೆಲ್ಲಗೆ ಪಕ್ಕಕ್ಕೆ ಕರೆದಳು. “ಬಿಪಿ ತುಂಬಾ ಇದೆ ಅಜ್ಜಿ. ಈಗ್ಲೇ ಆಸ್ಪತ್ರೆಗೆ ಸೇರಿಸ್ಬೇಕು. ತಡವಾದ್ರೆ ತಾಯಿಗೂ ಕಷ್ಟ, ಮಗೂಗೂ ಕಷ್ಟ.”

ಪಾರ್ವತಮ್ಮ ಸೊಸೆಯ ಸೆರಗು ಹಿಡಿದು ಬಿಡದೆ ಕೂತಿದ್ದಳು. ಅದು ಹಟವಲ್ಲ, ಹೆದರಿಕೆ ಎಂದು ನಾರಾಯಣಮ್ಮನಿಗೆ ತಿಳಿಯಿತು. ಗದರಲು ಮನಸ್ಸಾಗಲಿಲ್ಲ. ಹತ್ತಿರ ಕೂತು ಕಿಟಕಿಯಾಚೆ ಕೈ ತೋರಿಸಿದಳು.

“ಅದು ಹೊಳೆಯಲ್ಲ ಪಾರ್ವತಮ್ಮ, ಈ ಮನೆಗಳೆಲ್ಲ ಏಳೋಕ್ಮುಂಚೆ ನಮ್ಮ ರಾಗಿ ಹೊಲ. ಆ ಕರೆಂಟ್ ಕಂಬ ಇದ್ಯಲ್ಲ, ಅಲ್ಲಿವರೆಗೂ ನಾನು ಕಳೆ ಕಿತ್ತಿದೀನಿ. ಈ ರವಿ ಹೊಟ್ಟೇಲಿದ್ದಾಗ ದಿನಾ ಅದನ್ನ ದಾಟ್ಕೊಂಡೇ ಓಡಾಡಿದ್ದು.”

“ನೀರು ನಿಂತೈತಲ್ಲ ಮತ್ತೆ?”

“ಮಳೆ ಬಂದ್ರೆ ಹೊಲದಲ್ಲಿ ನೀರು ನಿಲ್ಲಲ್ವಾ? ನಿಂತ ಮಾತ್ರಕ್ಕೆ ಹೊಳೆ ಆಗೋಯ್ತಾ?”

ಪಾರ್ವತಮ್ಮ ಆ ನೀರನ್ನೇ ನೋಡಿದಳು. ಕಂಬವನ್ನು ನೋಡಿದಳು. “ಬರೀ ಮಡಿಲಲ್ಲಿ ಮಾತ್ರ ಕಳ್ಸಲ್ಲ,” ಎಂದಳು.

ನಾರಾಯಣಮ್ಮ ಅಕ್ಕಿ, ತೆಂಗಿನಕಾಯಿ, ಹಸಿರು ಬಳೆ ತಂದು ಮೈತ್ರಿಯ ಮಡಿಲು ತುಂಬಿದಳು. ಅಷ್ಟು ಅವಸರದಲ್ಲಿದ್ದ ಕಾತ್ಯಾಯಿನಿಯೂ ಅಕ್ಕಿ ಚೆಲ್ಲದಂತೆ ಸೆರಗಿನ ತುದಿ ಹಿಡಿದು ನಿಂತಳು. ನಾರಾಯಣಮ್ಮನೂ ಟ್ರೈಲರ್ ಹತ್ತಿ ಮೈತ್ರಿಯ ಕೈ ಹಿಡಿದು ಕೂತಳು. ಮೈತ್ರಿಯ ಇನ್ನೊಂದು ಪಕ್ಕಕ್ಕೆ ಪಾರ್ವತಮ್ಮ, ಎದುರಿಗೆ ಕಾತ್ಯಾಯಿನಿ ಮತ್ತು ದೇವರಾಜ್. ಹೊಲದಲ್ಲಿ ಕುಂಟೆ ಹೊಡೆಯುವವನಷ್ಟು ನಿಧಾನವಾಗಿ ರವಿಕಿರಣ್ ಟ್ರ್ಯಾಕ್ಟರ್ ನಡೆಸಿದ. ಏರಿನಲ್ಲಿ ಕಾದಿದ್ದ ವ್ಯಾನು ಅವರನ್ನು ಜಯನಗರದ ಆಸ್ಪತ್ರೆಗೆ ಕರೆದೊಯ್ದಿತು.

ಅಂದು ಸಂಜೆಯೇ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಮುಂದಿನ ವಾರ ಅವರು ಆಟೋದಲ್ಲಿ ಬಂದಿಳಿಯುವ ಹೊತ್ತಿಗೆ ತಗ್ಗು ಒಣಗಿ ಕೆಸರು ಬಿರುಕು ಬಿಟ್ಟಿತ್ತು.

“ಹೊಳೆ ಎಲ್ಲಿ ಹೋಯ್ತು ಪಾರ್ವತಕ್ಕ?” ಎಂದು ರವಿಕಿರಣ್ ಕೆಣಕಿದ.

“ನಿಮ್ಮಮ್ಮನ ಹೊಲ ಕುಡ್ಕೊಂತು ಕಣಪ್ಪ,” ಎಂದು ಪಾರ್ವತಮ್ಮ ಮಗುವನ್ನು ನಾರಾಯಣಮ್ಮನ ಮಡಿಲಿಗೆ ಹಾಕಿದಳು.